ಕಾಲು ತೊಳೆಯುವ ಮಾವ್ಶಿ ಕಾಲು ಚಾಚಿದ ಗುರುವಾರ

ಬೈಕುಲ್ಲಾದ ಹಳೆಯ ಓಣಿಯ ವೃದ್ಧಾಶ್ರಮದಲ್ಲಿ ಇನ್ನೂ ರಾತ್ರಿಯ ದೀಪ ಆರಿಲ್ಲ. ಹೊರಗೆ ಕಾಗೆಗಳು ಆಗಲೇ ಜಗಳ ಶುರುಮಾಡಿವೆ. ಸೇವಂತಿ ಸೆರಗು ಸಿಕ್ಕಿಸಿ ಮಂಚದ ಬುಡದಲ್ಲಿ ಕೂತು, ಬಕೆಟ್ಟಿನ ನೀರಿಗೆ ಮೊಣಕೈ ಅದ್ದಿ ನೋಡುತ್ತಾರೆ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯುವುದಿಲ್ಲ, ಹಾಗಾಗಿ ಈ ಎಚ್ಚರ. ಆಮೇಲೆ ಒಂದೊಂದೇ ಪಾದವನ್ನು ಮಡಿಲಿಗೆ ಎಳೆದುಕೊಂಡು ತೊಳೆದು, ಬೆರಳ ಸಂದಿ ಒರೆಸಿ, ಹಿಮ್ಮಡಿಗೆ ಎಣ್ಣೆ ಹಚ್ಚುತ್ತಾರೆ. ಮುಂಬಯಿಯಲ್ಲಿ ಇಂಥ ಕೆಲಸದ ಹೆಂಗಸರಿಗೆಲ್ಲ ಒಂದೇ ಹೆಸರು, ಮಾವ್ಶಿ. ಮರಾಠಿಯಲ್ಲಿ ಚಿಕ್ಕಮ್ಮ ಎಂದರ್ಥ. ಅವರ ಸ್ವಂತ ಹೆಸರನ್ನು ಕೇಳುವ ಪುರುಸೊತ್ತು ಈ ಊರಿಗಿಲ್ಲ.

ಸೇವಂತಿಯವರದು ಗದಗ ಸೀಮೆಯ ಕ್ರೈಸ್ತ ಮನೆತನ. ಬಿಲ್ಡಿಂಗುಗಳಿಗೆ ಬಣ್ಣ ಬಳಿಯುತ್ತಿದ್ದ ಗಂಡ ದಾನಪ್ಪ ಬಿದಿರಿನ ಅಟ್ಟಣಿಗೆಯಿಂದ ಬಿದ್ದು ತೀರಿಕೊಂಡಾಗ ಮಗಳಿಗೆ ಇನ್ನೂ ಮಾತು ಸ್ಪಷ್ಟವಾಗಿರಲಿಲ್ಲ. ಕುರ್ಲಾದ ಚಾಳಿನ ನೆರೆಯಾಕೆ ಈ ಕೆಲಸಕ್ಕೆ ಸೇರಿಸಿದರು. ಈಗ ಮಗಳು ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ದುಡಿಯುತ್ತಾಳೆ. ಇನ್ನಾದರೂ ಬಿಡು ಎಂದು ಅವ್ವನಿಗೆ ಹೇಳಿ ಹೇಳಿ ಸೋತಿದ್ದಾಳೆ.

ಹೇಸಿಗೆ ಅನ್ನಿಸುವುದಿಲ್ಲವೇ ಎಂದರೆ ಸೇವಂತಿ ನಗುತ್ತಾರೆ. “ಮೊದಲ ವಾರ ಊಟಾನ ಸೇರಲಿಲ್ರಿ. ಆಮ್ಯಾಲ, ಯೇಸುಸ್ವಾಮಿ ತಾನ ಶಿಷ್ಯರ ಕಾಲ ತೊಳದಾನ, ನಾ ಯಾ ದೊಡ್ಡಾಕಿ ಅನಸ್ತು.”

ಆ ನೆನಪಿಗೆಂದೇ ಅವರ ಚರ್ಚಿನ ಕನ್ನಡ ಸಭೆಯಲ್ಲಿ ಒಂದು ಪದ್ಧತಿಯಿದೆ. ಈಸ್ಟರಿಗೆ ಮುಂಚಿನ ಗುರುವಾರ ಸಂಜೆ, ಸಭಾಪಾಲಕರು ಹನ್ನೆರಡು ಮಂದಿಯನ್ನು ಕೂರಿಸಿ ಅವರ ಕಾಲು ತೊಳೆಯುತ್ತಾರೆ. ಯಾರು ಯಾರು ಎಂಬುದನ್ನು ಹಿಂದಿನ ಭಾನುವಾರವೇ ಕರೆದು ಹೇಳುತ್ತಾರೆ. ಸೇವಂತಿಯ ಹೆಸರು ಕರೆದಾಗಲೆಲ್ಲ ಅವರು ಎದ್ದು ಕೈಮುಗಿದು, ಪಕ್ಕದವರನ್ನು ಮುಂದೆ ನೂಕುತ್ತಿದ್ದರು. ತಗ್ಗಿ ನಡೆಯುವುದನ್ನು ಇವರಿಂದ ಕಲಿಯಬೇಕು ಎಂದು ಸಭೆ ಕೊಂಡಾಡುತ್ತಿತ್ತು.

ಈ ವರ್ಷ ಆಶ್ರಮಕ್ಕೆ ವಿಜಯಪುರದ ಕಡೆಯ ಗಂಗುಬಾಯಿ ಬಂದರು. ದಾದರ್ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿ ಬದುಕಿದ ಜೀವ, ಹುರಿಗಟ್ಟಿದ ಹಗ್ಗದಂಥ ಹೆಂಗಸು. ಪಾದ ಮುಟ್ಟಲು ಬಿಡಲೊಲ್ಲರು. “ಯಾರ ಕೈಲೂ ಸೇವಾ ಮಾಡಿಸ್ಕೊಂಡಾಕಿ ಅಲ್ಲ ನಾ. ನನ್ನ ಕಾಲ ನಾನ ತೊಳ್ಕೋತೀನಿ” ಎಂದು ಕಾಲುಚೀಲ ಏರಿಸಿ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಮುದುಕಿಯ ಸಂಕೋಚ ಎಂದು ಸೇವಂತಿಯೂ ಸುಮ್ಮನಾದರು. ಒಂದು ಬೆಳಿಗ್ಗೆ ಮಂಚದ ಹತ್ತಿರ ವಾಸನೆ ಬಂತು. ಬಲವಂತವಾಗಿ ಕಾಲುಚೀಲ ಎಳೆದರೆ, ಕಿರುಬೆರಳಿನ ಬುಡದಲ್ಲಿ ಹುಣ್ಣು ಕೀವುಗಟ್ಟಿತ್ತು. ಇನ್ನೂ ತಡವಾಗಿದ್ದರೆ ಬೆರಳನ್ನೇ ತೆಗೆಯಬೇಕಾಗುತ್ತಿತ್ತು ಎಂದರು ಡಾಕ್ಟರು.

ಅಂದು ಸೇವಂತಿಗೆ ಸಿಟ್ಟು ನೆತ್ತಿಗೇರಿತ್ತು. “ಇದೇನ ಸಂಕೋಚ ಅಲ್ಲ ಆಯಿ, ಇದು ಸೊಕ್ಕ” ಎಂದುಬಿಟ್ಟರು. ಗೋಡೆಯ ಕಡೆಗಿದ್ದ ಮುಖವನ್ನು ಗಂಗುಬಾಯಿ ಇತ್ತ ತಿರುಗಿಸಿದರು. ಆಮೇಲೆ ತಾವಾಗಿಯೇ ಕಾಲು ಚಾಚಿದರು.

“ಲೋಕಲ್‌ನ್ಯಾಗ ಮನಿಗೆ ಹೊಂಟಾಗ ಆ ಮಾತು ತಿರಗಿ ನನಗ ಬಡೀತ್ರಿ” ಎನ್ನುತ್ತಾರೆ ಸೇವಂತಿ. “ನಾ ಮಾಡಿದ್ದೂ ಅದನ ಅಲ್ಲೇನು? ಸಭಾದಾಗ ಮಂದಿ ಹೊಗಳತಿದ್ರು, ನಾ ತಲಿ ಬಗ್ಗಿಸಿ ಕೂಡತಿದ್ದೆ. ಒಳಗ ಮಾತ್ರ ಹೋಳಗಿ ತಿಂದಂಗ ಆಗತಿತ್ತು.”

ಆ ಭಾನುವಾರ ಮತ್ತೆ ಅವರ ಹೆಸರು ಕರೆದರು. ಪಕ್ಕದಾಕೆ ರೂಢಿಯಂತೆ ಎದ್ದು ನಿಲ್ಲಲು ಸಿದ್ಧರಾಗಿದ್ದರಂತೆ. ಸೇವಂತಿ ಕೂತಲ್ಲೇ “ನಾ ಬರತೇನಿ” ಎಂದರು. ಅಷ್ಟು ಹೇಳುವುದಕ್ಕೆ ಬೆವರು ಕಿತ್ತುಬಂತು.

ಗುರುವಾರ ಡ್ಯೂಟಿ ಮುಗಿಸಿ ನೇರ ಸಭೆಗೆ ಹೋದರು. ಸ್ಟೇಷನ್ನಿನ ಧೂಳು ಹೊತ್ತ, ಬಿರುಕುಬಿಟ್ಟ ಹಿಮ್ಮಡಿ. ಎದುರಿಗೆ ಮಗನ ವಯಸ್ಸಿನ ಸಭಾಪಾಲಕರು ಮೊಣಕಾಲೂರಿದ್ದಾರೆ. ಊರವರ ಪಾದವನ್ನೆಲ್ಲ ಮಡಿಲಲ್ಲಿ ಇಟ್ಟುಕೊಂಡ ಹೆಂಗಸಿಗೆ ತನ್ನ ಪಾದ ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹಿಂದಕ್ಕೆಳೆಯಬಾರದೆಂದು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ತಣ್ಣೀರು ಬಿದ್ದೊಡನೆ ಅಳು ಬಂತು, ತಡೆಯಲಾಗಲಿಲ್ಲ.

“ಬೆರಳಸಂದಿ ಒರಸಲಿಲ್ರಿ ಅವರು. ಹೇಳಬೇಕಂದೆ, ಬಾಯಿ ಮುಚ್ಕೊಂಡು ಕುಂತೆ” ಎಂದು ಈಗ ಕಣ್ಣೊರೆಸಿಕೊಂಡೇ ನಗುತ್ತಾರೆ. “ಏನೂ ಮಾಡದನ ಸುಮ್ಮನ ತಗೊಳ್ಳೂದು ಎಷ್ಟ ಕಷ್ಟ ಐತ್ರಿ. ದೇವರ ಮುಂದ ಮಾತ್ರ ಹಿಂಗ ಕೈ ಖಾಲಿ ಇಟ್ಕೊಂಡ ಕೂಡಬೇಕು ನೋಡ್ರಿ.”

ಗಂಗುಬಾಯಿಯ ಹುಣ್ಣು ಮಾಯುತ್ತಿದೆ, ಬೆರಳು ಉಳಿದಿದೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಸೇವಂತಿ ಮುಂದಿನ ಮಂಚದ ಹತ್ತಿರ ಕೂತು ನೀರಿಗೆ ಮೊಣಕೈ ಅದ್ದುತ್ತಾರೆ.

“ದೊಡ್ಡಾಕಿ ಅನಿಸ್ಕೊಳ್ಳೂ ಆಸೆ ಎಂದೋ ಬಿಟ್ಟೇನ್ರಿ. ಸಣ್ಣಾಕಿ ಅನಿಸ್ಕೊಳ್ಳೂ ಆಸೆ ಒಂದು ಉಳದೈತಿ. ಅದನ್ನೂ ಬಿಡಿಸಪ್ಪಾ ಅಂತ ದಿನಾ ಬೇಡ್ಕೋತೇನಿ.”