ಗಲ್ಲದ ಕುಂಕುಮ, ಬಾಲದ ಕುಂಕುಮ

ಇವತ್ತು ಬೆಳಿಗ್ಗೆ ನಮ್ಮ ಹಿತ್ತಲ ದಾಳಿಂಬೆ ಗಿಡದಲ್ಲಿ ಬುಲ್‌ಬುಲ್ ಹಕ್ಕಿಯೊಂದು ಕೂತು ಜಗಳ ತೆಗೆದಂತೆ ಕೂಗುತ್ತಿತ್ತು. ಕರಿ ತಲೆ, ಮಾಸಿದ ಮೈ, ಬಾಲದ ಬುಡದಲ್ಲಿ ಮಾತ್ರ ಒಂದು ಚಿಟಿಕೆ ಕೆಂಪು. ನಾನು ಸೊಸೆಯಾಗಿ ಬಂದ ಈ ಮುನವಳ್ಳಿಯ ಕಡೆ ಇದೇ ಹೆಚ್ಚು. ನನ್ನ ತವರು ಕಿತ್ತೂರಿನ ಬುಲ್‌ಬುಲ್ ಬೇರೆ: ತಲೆಗೆ ಚೂಪು ಜುಟ್ಟು, ಬಿಳಿ ಎದೆ, ಗಲ್ಲದ ಮೇಲೆ ಕೆಂಪು ಬೊಟ್ಟು. ದನಿಯೂ ಇಂಪು, ಆದರೆ ಬಲು ಬಿಂಕದ್ದು. ಹಕ್ಕಿಯ ಮೇಲೂ ಚಾಡಿ ಹೇಳುವ ಹೆಂಗಸು ನಾನು, ನಗಬೇಡಿ.

"ಎರಡೂ ಒಂದಽ ಕುಲ," ಎನ್ನುತ್ತಿದ್ದಳು ನಮ್ಮವ್ವ. "ಒಂದು ಲಗ್ನದಾಕಿ, ಕುಂಕುಮ ಮಾರಿ ಮ್ಯಾಲ ಐತಿ. ಇನ್ನೊಂದು ಉಡಿಕಿಯಾಕಿ, ಹಿಂದ ಮುಚ್ಚಿಟಗೊಂಡೈತಿ."

ಈ ಮಾತನ್ನು ಅವಳು ಒಡಹುಟ್ಟಿದ ತಂಗಿಯ, ಅಂದರೆ ನನ್ನ ಚಿಗವ್ವನ, ಎದುರಿಗೇ ಆಡುತ್ತಿದ್ದಳು. ಚಿಗವ್ವನ ಮೊದಲ ಗಂಡ ಪ್ಲೇಗಿನಲ್ಲಿ ಹೋದ. ಆಮೇಲೆ ಮುನವಳ್ಳಿಯ ಒಕ್ಕಲಿಗನೊಬ್ಬ ಅವಳನ್ನು ಉಡಿಕೆ ಮಾಡಿಕೊಂಡ. ಉಡಿಕೆ ಎಂದರೆ ವಿಧವೆಯ ಮರುಮದುವೆ: ವಾಲಗವಿಲ್ಲ, ಹಂದರವಿಲ್ಲ, ಹೊಸ ಸೀರೆ ಉಡಿಸಿ ಕರೆದೊಯ್ಯುವುದು, ಅಷ್ಟೇ. ಬಂಗಾರದಂಥ ಮನುಷ್ಯ. ಹಣೆಗೆ ಕುಂಕುಮ, ಕೈತುಂಬ ಬಳೆ ಎಲ್ಲವೂ ಬಂದವು. ಆದರೆ ಶುಭಕಾರ್ಯದಲ್ಲಿ ಉಡಿಕೆಯವಳು ಮುತ್ತೈದೆಯ ಲೆಕ್ಕಕ್ಕಿಲ್ಲ.

ನನ್ನ ಮದುವೆಯಲ್ಲಿ ಬೀಗರ ಹೆಂಗಸೊಬ್ಬಳು ಇದು ತಿಳಿಯದೆ ಚಿಗವ್ವನ ಕೈಗೆ ಅರಿಷಿಣದ ಬಟ್ಟಲು ಕೊಟ್ಟಳು. "ನೀವೂ ಹಚ್ರಿ, ಮುತ್ತೈದಿ ಅದೀರಿ." ಚಿಗವ್ವನ ಬೆರಳು ನನ್ನ ಗಲ್ಲ ಮುಟ್ಟುವುದರೊಳಗೆ ಅವ್ವ ಬಟ್ಟಲು ಕಸಿದುಕೊಂಡಳು.

"ಆಕಿ ಉಡಿಕಿಯಾಕಿ ರೀ!"

"ಅಕ್ಕಾ, ನನ್ನ ಗಂಡನೂ ಜೀವಂತ ಅದಾನಲ್ಲ?" ಎಂದಳು ಚಿಗವ್ವ. ಅವ್ವ ಬಟ್ಟಲನ್ನು ಬೇರೊಬ್ಬಳ ಕೈಗಿಟ್ಟಳು. ಅಂದು ಅವ್ವನ ಮೇಲೆ ಹುಟ್ಟಿದ ಸಿಟ್ಟು ಅವಳು ಸತ್ತರೂ ನನ್ನಲ್ಲಿ ಸತ್ತಿಲ್ಲ.

ಈಗ ನನ್ನ ಮಗಳ ಮದುವೆ. ಮನೆಯ ಯಜಮಾನಿತಿ ನಾನು, ಕೇಳುವವರಾರು? ನಿನ್ನೆ ಜಂಬದಿಂದಲೇ ಚಿಗವ್ವನ ಮನೆಗೆ ಹೋಗಿ, "ಅರಿಷಿಣ ಮೊದಲ ನೀನಽ ಹಚ್ಚಬೇಕು" ಎಂದೆ. ಅವಳು ಜೋಳ ಹಸನು ಮಾಡುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

"ಈ ಕುಂಕುಮ ಇಷ್ಟು ವರ್ಷ ನನ್ನ ಹಣಿ ಮ್ಯಾಲಽ ಇತ್ತು ಯವ್ವಾ. ನಿಮಗ ಈಗ ಕಾಣಾಕ ಹತ್ತೇತಿ. ನಾ ಬರೂದಿಲ್ಲ."

ಅರಿಷಿಣಕ್ಕೆ ಐವರು ಮುತ್ತೈದೆಯರು ಬೇಕು, ನಾಲ್ವರೇ ಆದರು. ಇವತ್ತು ಓಣಿಗೆ ಹೊಸದಾಗಿ ಬಂದ ಮನೆಯ ಬಾಗಿಲಿಗೆ ಹೋದೆ. ನಗುತ್ತ ಹೊರಬಂದ ಹೆಂಗಸಿನ ಹಣೆಯಲ್ಲಿ ಕಾಸಗಲದ ಕುಂಕುಮವಿತ್ತು. ಕರೆಯಲು ಬಾಯಿ ತೆರೆದರೆ ನನ್ನ ಬಾಯಿಂದ ಬಂದದ್ದು ಇದು:

"ನಿಮ್ಮದು ಲಗ್ನಾನಽ ಆಗೇತಲ್ರೀ, ಉಡಿಕಿ ಅಲ್ಲಲ್ಲ?"