ಮೊಳಕಾಲ್ಮೂರಿನ ಸೊನ್ನೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಒಂದು ಸರ್ವೆ ಕೆಲಸಕ್ಕೆ ಸೇರಿದ್ದೆ. ಯಾವ ತಾಲ್ಲೂಕಿನಲ್ಲಿ, ಯಾವ ಕಸುಬಿನಲ್ಲಿ, ಸಾವಿರ ಕೆಲಸಗಾರರಿಗೆ ಎಷ್ಟು ಮಂದಿ ದುಡಿಯುತ್ತಲೇ ಸಾಯುತ್ತಾರೆ ಎಂದು ಲೆಕ್ಕ ಹಾಕಿ ಹೋಲಿಸಬೇಕಿತ್ತು. ನನ್ನ ಪಾಲಿಗೆ ಬಂದದ್ದು ಚಳ್ಳಕೆರೆಯ ಎಣ್ಣೆ ಮಿಲ್ಲುಗಳು, ಮೊಳಕಾಲ್ಮೂರಿನ ಮಗ್ಗಗಳು. ಜೇಬಿಗೆ ಎರಡು ಬಣ್ಣದ ಪೆನ್ನು ಸಿಕ್ಕಿಸಿಕೊಂಡು ಸಾಹೇಬನಂತೆ ಓಡಾಡುತ್ತಿದ್ದೆ. ಆ ಜಂಬ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮಿಲ್ಲುಗಳದು ಸುಲಭ. ಶೇಂಗಾ ಮೂಟೆಗಳ ಅಟ್ಟಿ ಕುಸಿದು ಹಮಾಲಿಯೊಬ್ಬ ಸತ್ತರೆ ಮಾಲೀಕರು ಎಷ್ಟೇ ಮುಚ್ಚಿಟ್ಟರೂ ಗೇಟಿನೆದುರಿನ ಟೀ ಅಂಗಡಿಯವನು ಬಾಯಿಬಿಡುತ್ತಿದ್ದ.

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಹೆಂಗಸೊಬ್ಬರು ತಮ್ಮ ಗಂಡನ ಸಾವನ್ನು ಹೇಳಿದರು. ಮಳೆಗೆ ಮಗ್ಗದ ಗುಂಡಿಯಲ್ಲಿ ನೀರು ಜಿನುಗಿತ್ತಂತೆ. ಅದರಲ್ಲೇ ಕಾಲು ಇಳಿಬಿಟ್ಟು ಕೂತ ಆತ, ಹರಿದ ಎಳೆ ಹುಡುಕಲು ಬಲ್ಬನ್ನು ಹತ್ತಿರ ಎಳೆದುಕೊಂಡಾಗ ಕರೆಂಟು ಹೊಡೆದಿತ್ತು. ನನ್ನ ಫಾರಂನಲ್ಲಿ ಸತ್ತ ಸ್ಥಳಕ್ಕೆ ಎರಡೇ ಕಾಲಂ: ಕೆಲಸದ ಜಾಗ, ಮನೆ. ಮನೆಯಲ್ಲಿ ಸತ್ತವರು ಲೆಕ್ಕಕ್ಕೆ ಬರುವುದಿಲ್ಲ ಎಂದೆ.

"ಮಗ್ಗ ಇರೋದೇ ಮನೇಲಿ ಸಾರ್," ಎಂದರು ಆಕೆ. "ಕುಡಿದು ಬಿದ್ದು ಸತ್ತ ಅಂತ ಓಣಿಯೋರು ಮಾತಾಡ್ತಾರೆ. ದುಡೀತಾ ಹೋದ್ರು ಅಂತ ಎಲ್ಲಾದ್ರೂ ಒಂದು ಕಡೆ ಬರೀರಿ."

ಆಗಲಿ ಎಂದು ತಲೆಯಾಡಿಸಿ, ಕೊಟ್ಟ ಟೀ ಕುಡಿದು ಎದ್ದೆ. ಆಕೆ ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೆ ಒಪ್ಪಿದರೆ ಮೇಲಿನವರಿಗೆ ವಿವರಣೆ ಕೊಡಬೇಕು, ಬಿಸಿಲಿನಲ್ಲಿ ಪ್ರತಿ ನೇಕಾರರ ಮನೆಗೂ ಮತ್ತೆ ಅಲೆಯಬೇಕು. ಸೋಮಾರಿತನ, ಬೇರೇನಲ್ಲ. ಚಳ್ಳಕೆರೆಗೆ ವಾಪಸಾಗುವ ಬಸ್ಸಿನಲ್ಲೇ 'ಮನೆ' ಕಾಲಂಗೆ ಗುರುತು ಹಾಕಿದೆ.

ಮೀಟಿಂಗಿನಲ್ಲಿ ನನ್ನ ಪಟ್ಟಿಯನ್ನು ಗೋಡೆಗೆ ತೂಗುಹಾಕಿದರು. ಮಿಲ್ಲುಗಳು ಎಲ್ಲಕ್ಕಿಂತ ಮೇಲೆ, ಮಗ್ಗಗಳ ಎದುರು ಸೊನ್ನೆ. ನೇಯ್ಗೆಯಷ್ಟು ಸುರಕ್ಷಿತ ಕಸುಬು ಇನ್ನೊಂದಿಲ್ಲ ಎಂದರು ಅಧಿಕಾರಿ. ನಾನು ಎದ್ದು ನಿಂತು ಅದನ್ನೇ ವಿಸ್ತರಿಸಿ ಹೇಳಿದೆ. ಚಪ್ಪಾಳೆ ತಟ್ಟಿದರು, ನನಗೆ ಖುಷಿಯೂ ಆಯಿತು. ನಾಚಿಕೆ ಆಮೇಲಿನದು.

ಕೆಲವು ತಿಂಗಳ ನಂತರ ಮರುತಪಾಸಣೆಗೆಂದು ಅದೇ ಓಣಿಗೆ ಹೋಗಬೇಕಾಯಿತು. ಆಕೆಯ ಮನೆ ದಾಟಿಹೋಗಲು ಬಿರಬಿರನೆ ನಡೆದೆ. ಆಕೆ ಬಾಗಿಲಲ್ಲೇ ಇದ್ದರು.

"ನಮ್ಮೋರದು ಬರೆದ್ರಾ ಸಾರ್?"

"ಬರೆದಿದೀನಿ ಅಕ್ಕಾ," ಎಂದುಬಿಟ್ಟೆ.

ಒಳಗೆ ಅದೇ ಗುಂಡಿಯಲ್ಲಿ ಕಾಲಿಟ್ಟು ಆಕೆಯ ಅತ್ತೆ ನೇಯುತ್ತಿದ್ದರು. ಆಕೆ ತಿರುಗಿ ಅವರಿಗೆ ತೆಲುಗಿನಲ್ಲಿ, ಬರೆದಿದ್ದಾರಂತೆ ಎಂದರು. ಮಗ್ಗದ ಸದ್ದು ನಿಂತಿತು. ಮುದುಕಿ ಎದ್ದು ಬಂದು, ಮಗನ ಹೆಸರು ಬರೆದವನೆಂದು ನನಗೆ ಎರಡೂ ಕೈ ಎತ್ತಿ ಮುಗಿದರು.