ಸಾರ್ಜೆಂಟರ ಇಪ್ಪತ್ತಾರನೆಯ ಸಲಕರಣೆ

ಹೋದ ವಾರ ಅಟ್ಟ ಖಾಲಿ ಮಾಡುತ್ತಿದ್ದಾಗ ಕಾಲೇಜಿನ ಹಳೆಯ ಬ್ಯಾನರೊಂದು ಸಿಕ್ಕಿತು. ಎಸೆಯುವ ಮುಂಚೆ ಯಾವುದೆಂದು ನೋಡೋಣ ಅಂತ ಸುರುಳಿ ಬಿಚ್ಚಿದೆ. ‘ನಾಳೆಯ ವಾಯುಪಡೆ: ಮನುಷ್ಯನೋ ಯಂತ್ರವೋ?’ ಎಂಬ ಅಕ್ಷರಗಳು ಅರ್ಧ ಕಾಣುವಷ್ಟರಲ್ಲಿ ಒಳಗಿಂದ ಏನೋ ಜಾರಿ ಠಣ್ಣೆಂದು ನೆಲಕ್ಕೆ ಬಿತ್ತು. ಗೇಣುದ್ದವೂ ಇಲ್ಲದ ಒಂದು ಸ್ಕ್ರೂಡ್ರೈವರ್. ಹಳದಿ ಬಣ್ಣ ಬಳಿದ ಹಿಡಿ, ಅದರ ಮೇಲೆ ಕೆತ್ತಿದ ಇಪ್ಪತ್ತಾರು ಎಂಬ ಅಂಕಿ. ಮೂಗಿನ ಹತ್ತಿರ ತಂದರೆ ಇನ್ನೂ ಮೆಷಿನ್ ಎಣ್ಣೆಯ ವಾಸನೆ... ಏಣಿಯ ಮೆಟ್ಟಿಲ ಮೇಲೇ ಕುಳಿತುಬಿಟ್ಟೆ.

ಅದು ಎದುರು ಮನೆಯ ಸಾರ್ಜೆಂಟರದು.

ಕೊಡಿಗೇಹಳ್ಳಿಯ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅದೇ ಊರಿನವರು. ಮೀಸೆ ಮೂಡುವ ವಯಸ್ಸಿಗೆ ವಾಯುಪಡೆ ಸೇರಿ, ದೇಶದ ನಾಲ್ಕೂ ಮೂಲೆಗಳಲ್ಲಿ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ರಿಪೇರಿ ಮಾಡಿ, ನಿವೃತ್ತಿಯಾದ ಮೇಲೆ ಹುಡುಗರು ಬಾಡಿಗೆಗಿರುವ ಎರಡು ಪಿ.ಜಿ. ಕಟ್ಟಡಗಳ ನಡುವೆ ಉಸಿರು ಬಿಗಿಹಿಡಿದು ನಿಂತಿದ್ದ ತಮ್ಮ ಹೆಂಚಿನ ಮನೆಗೆ ಮರಳಿದ್ದರು. ಬೀದಿಯವರ ಮಿಕ್ಸಿ, ಮೋಟರು, ಇಸ್ತ್ರಿಪೆಟ್ಟಿಗೆ ಎಲ್ಲವೂ ಅವರ ಜಗಲಿಗೇ ಹೋಗುತ್ತಿದ್ದವು. ಒಂದು ಲೋಟ ಕಾಫಿ ಬಿಟ್ಟರೆ ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ.

ಜಗಲಿಯ ಗೋಡೆಗೆ ಬಿಳಿ ಬಣ್ಣದ ಒಂದು ಹಲಗೆ ನೇತುಹಾಕಿದ್ದರು. ಅದರ ಮೇಲೆ ಪ್ರತಿ ಸಲಕರಣೆಯ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿದ್ದರು. ಸ್ಪ್ಯಾನರ್ ತೆಗೆದರೆ ಅದರ ನೆರಳು ಮಾತ್ರ ಉಳಿಯುತ್ತಿತ್ತು. ಕೆಲಸ ಮುಗಿದ ಮೇಲೆ ಒಂದೊಂದನ್ನೂ ಒರೆಸಿ, ಅದರದರ ನೆರಳಿಗೆ ಸೇರಿಸಿ, ಬೆರಳಿಟ್ಟು ಇಪ್ಪತ್ತಾರರವರೆಗೆ ಎಣಿಸಿ, ಆಮೇಲೆಯೇ ನಮ್ಮ ಸಾಮಾನು ನಮಗೆ ವಾಪಸ್. ಒಮ್ಮೆ ಇಕ್ಕಳ ಅವರ ಅಂಗಿಯ ಜೇಬಿನಲ್ಲೇ ಇದ್ದು, ಅದು ಸಿಗುವವರೆಗೂ ನನ್ನ ಮಿಕ್ಸಿ ಬಿಡುಗಡೆಯಾಗಲಿಲ್ಲ. ಆವತ್ತು ನಮ್ಮ ಮನೆಯಲ್ಲಿ ಚಟ್ನಿಯಿಲ್ಲದ ದೋಸೆ.

“ಸಾರ್ಜೆಂಟ್ರೇ, ನನ್ನ ಮಿಕ್ಸಿ ಏನು ಬಾರ್ಡರಿಗೆ ಹೋಗ್ಬೇಕಾ?” ಅಂತ ರೇಗಿಸಿದ್ದೆ.

“ಕೈಗೆ ಅಭ್ಯಾಸ ಕಣಮ್ಮ. ಇಲ್ಲಿ ತಪ್ಪಿದ್ ಕೈ ಅಲ್ಲೂ ತಪ್ತದೆ,” ಅಂದಿದ್ದರು.

‘ಅಲ್ಲಿ’, ಅಂದರೆ ವಾಯುಪಡೆಯಲ್ಲಿ, ನಡೆದ ಒಂದು ಸಂಗತಿಯನ್ನು ಅವರು ಜಗಲಿಯಲ್ಲೇ ನನಗೆ ಹೇಳಿದ್ದರು. ಉತ್ತರದ ಚಳಿಯ ಊರು. ವಿಮಾನ ಹೊರಡಲು ಸಿದ್ಧ, ಪೈಲಟ್ ಬಂದು ನಿಂತಿದ್ದಾನೆ, ಎಣಿಸಿದರೆ ಸಲಕರಣೆ ಒಂದು ಕಮ್ಮಿ. ಅದು ಎಂಜಿನ್ನಿನೊಳಗೆ ಉಳಿದಿದ್ದರೆ ವಿಮಾನವೇ ಬಿದ್ದೀತು ಎಂದು ಇವರು ಹೊರಡಲು ಬಿಡಲಿಲ್ಲ. ಒಳಗೆಲ್ಲಾ ಬಿಚ್ಚಿ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ಅವರೇ ಬೆಳಿಗ್ಗೆ ವಿಮಾನದ ಮೇಲಿಂದ ತೆಗೆದು ಸುತ್ತಿಟ್ಟಿದ್ದ ಕ್ಯಾನ್ವಾಸ್ ಹೊದಿಕೆಯ ಮಡಿಕೆಯಲ್ಲಿ. ವಿಮಾನದೊಳಗೆ ಇರಲೇ ಇಲ್ಲ. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದರಂತೆ. ಪೈಲಟ್ ಕೈ ಕುಲುಕಿ, ಈಗ ನಾನು ನಿಶ್ಚಿಂತೆಯಾಗಿ ಹಾರಬಹುದು ಅಂದನಂತೆ.

ಅದನ್ನು ಹೇಳುವಾಗ ಅವರು ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು...

ಆ ವರ್ಷ ಸೇನೆಯ ಬಗ್ಗೆ ಎಲ್ಲೆಡೆ ವಾದ. ಪೈಲಟ್ ಇಲ್ಲದ ವಿಮಾನಗಳು ಬಂದಾಯಿತು, ಇನ್ನು ಇಷ್ಟೊಂದು ಜನ ಯಾಕೆ, ನಾಲ್ಕೇ ವರ್ಷಕ್ಕೆ ಹುಡುಗರನ್ನು ತೆಗೆದುಕೊಳ್ಳುವುದು ಸರಿಯೇ, ಹೀಗೆ. ನಾನು ಯಲಹಂಕದ ಕಡೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಯುದ್ಧ ಇನ್ನು ಪರದೆಯ ಮುಂದೆ ಕೂತವರದು ಎಂದು ನಾಲ್ಕು ಲೇಖನ ಓದಿ ತೀರ್ಮಾನಿಸಿಯೂ ಆಗಿತ್ತು. ಸಾರ್ಜೆಂಟರು ನಕ್ಕಿದ್ದರು.

“ಹೊಸದು ಬ್ಯಾಡ ಅಂತ ನಾನೆಲ್ ಅಂದೆ? ಬರ್ಲಿ. ಒಳಗೆ ಪೈಲಟ್ ಇಲ್ದಿದ್ರೂ ಕೆಳಗೆ ಒಬ್ಬ ನಿಂತ್ಕೋಬೇಕಲ್ಲ. ಅವನ ಕೈ ಪಳಗಕ್ಕೆ ಎಷ್ಟ್ ವರ್ಷ ಬೇಕು ಅಂತ ಯಾರಾನ ನಮ್ಮಂತೋರನ್ನ ಕೇಳಿದ್ರಾ?”

ನಾನು ಕೇಳಿಸುತ್ತೇನೆ ಎಂದೆ. ಕಾಲೇಜಿನಲ್ಲಿ ಸಂವಾದ ಏರ್ಪಡಿಸಿ, ಒಬ್ಬ ನಿವೃತ್ತ ಅಧಿಕಾರಿ, ಡ್ರೋನ್ ಕಂಪನಿಯ ಒಬ್ಬ ಯುವಕ, ಮೂರನೆಯವರಾಗಿ ಇವರನ್ನು ಕರೆದೆ. ಮೂವತ್ತು ವರ್ಷ ದುಡಿದವರನ್ನು ಮಾತಾಡಿ ಎಂದು ವೇದಿಕೆಗೆ ಕರೆದದ್ದು ಅದೇ ಮೊದಲಂತೆ. ಒಂದು ವಾರ ಅವರ ಮನೆಯ ರೇಡಿಯೋ ಮೌನವಾಗಿತ್ತು. ಜಗಲಿಯಲ್ಲಿ ಅವರು ಹೆಂಡತಿಯ ಮುಂದೆ ಭಾಷಣ ಒಪ್ಪಿಸುತ್ತಿದ್ದರು. ಆ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಆಟೋದಲ್ಲಿ ಆ ಹಲಗೆಯನ್ನೂ ಸಲಕರಣೆಗಳನ್ನೂ ತಂದಿದ್ದರು.

ಮೊದಲಿಬ್ಬರು ಗಂಟೆಗಟ್ಟಲೆ ಮಾತಾಡಿದರು. ಸಮಯ ಮುಗಿಯಿತೆಂದು ಬಾರಿಸುವ ಗಂಟೆ ನನ್ನ ಕೈಯಲ್ಲಿತ್ತು, ಅವರಿಗೆ ನಾನು ಬಾರಿಸಲಿಲ್ಲ. ದೊಡ್ಡವರು, ನಾಳೆ ಕಾಲೇಜಿಗೆ ಬೇಕಾಗುವವರು. ಸಾರ್ಜೆಂಟರ ಸರದಿ ಬಂದಾಗ ಹೊರಗೆ ಮುಂದಿನ ಕಾರ್ಯಕ್ರಮದವರು ಹೂವಿನ ಬುಟ್ಟಿ ಹಿಡಿದು ನಿಂತಿದ್ದರು. ಸಾರ್ಜೆಂಟರು ಹಲಗೆಯಿಂದ ಒಂದೊಂದೇ ತೆಗೆದು ಮೇಜಿನ ಮೇಲಿಟ್ಟು ಎಣಿಸತೊಡಗಿದರು. ಹಿಂದಿನ ಸಾಲಿನಿಂದ ಯಾರೋ “ಗುರು, ಸ್ಪ್ಯಾನರ್ ಹೋಲ್‌ಸೇಲಾ ರೀಟೇಲಾ?” ಅಂದ. ಸಭೆ ನಕ್ಕಿತು. ವೇದಿಕೆಯ ಮೇಲಿದ್ದವರೂ ನಕ್ಕರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ.

“ಅವತ್ತು ಎಣಿಸಿದ್ರೆ ಒಂದ್ ಕಮ್ಮಿ...” ಎಂದು ಅವರು ಆ ಚಳಿಯ ಊರಿನ ಕಥೆಗೆ ಕೈಹಾಕಿದ್ದರಷ್ಟೆ. ನಾನು ಗಂಟೆ ಬಾರಿಸಿದೆ. “ಸಮಯದ ಅಭಾವ” ಎಂದೆ. ಅವರು ನನ್ನ ಮುಖ ನೋಡಿದರು. ಮೈಕ್ ಕೆಳಗಿಟ್ಟರು.

ಸಭೆ ಚದುರಿತು. ನಾನು ಅವಸರದಲ್ಲಿ ಮೇಜಿನ ಮುಂದೆ ಕಟ್ಟಿದ್ದ ಬ್ಯಾನರ್ ಬಿಚ್ಚಿ, ಸಲಕರಣೆಗಳಿದ್ದ ಆ ಮೇಜಿನ ಮೇಲೇ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಸಾರ್ಜೆಂಟರು ಎಣಿಸುತ್ತಿದ್ದರು. ಇಪ್ಪತ್ತೈದು. ಮತ್ತೆ ಎಣಿಸಿದರು. ಇಪ್ಪತ್ತೈದು. ಮಂಡಿಯೂರಿ ಮೇಜಿನ ಕೆಳಗೆ, ಕುರ್ಚಿಗಳ ಅಡಿಯಲ್ಲಿ ಹುಡುಕಿದರು. ಹೂವಿನವರು ಒಳಗೆ ನುಗ್ಗಿದರು. ಪ್ರಾಂಶುಪಾಲರು ನನ್ನತ್ತ ಕಣ್ಣು ಬಿಟ್ಟರು.

“ಆ ಬ್ಯಾನರ್ ಒಂದ್ಸಲ ಬಿಚ್ತೀರಾ?” ಎಂದು ಸಾರ್ಜೆಂಟರು ಕೇಳಿದರು.

“ಅಯ್ಯೋ, ಇದ್ರಲ್ಲಿ ಯಾಕಿರತ್ತೆ? ಒಂದು ಸ್ಕ್ರೂಡ್ರೈವರ್ ತಾನೇ ಸಾರ್ಜೆಂಟ್ರೇ, ನಾಳೆ ಹೊಸದು ತಂದ್ಕೊಡ್ತೀನಿ. ಏಳಿ, ಜನ ಕಾಯ್ತಿದಾರೆ.”

ಅವರು ಎದ್ದರು. ಮಂಡಿಯ ಧೂಳು ಕೊಡವಿಕೊಂಡರು.

“ಇದೇ ಕಣಮ್ಮ ನಾನ್ ಹೇಳಕ್ ಬಂದಿದ್ದು.”

ಅಷ್ಟೇ. ಹಲಗೆ ಎತ್ತಿಕೊಂಡು ಹೊರಟುಹೋದರು. ಕ್ಯಾನ್ವಾಸ್ ಹೊದಿಕೆಯ ಕಥೆ ಆ ಸಭಾಂಗಣದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಆದರೂ ಬಿಚ್ಚಲಿಲ್ಲ. ಮರೆತಿದ್ದೆ ಅಂದರೆ ತಪ್ಪು ಹಗುರವಾದೀತು. ಮರೆತಿರಲಿಲ್ಲ, ಇಷ್ಟು ಸಣ್ಣದಕ್ಕೆ ದೊಡ್ಡವರ ಮುಂದೆ ಸುತ್ತಿದ್ದನ್ನು ಬಿಚ್ಚುತ್ತಾ ನಿಲ್ಲುವುದು ನನಗೆ ಅವಮಾನ ಅನ್ನಿಸಿತ್ತು.

ಆಮೇಲೂ ಅವರು ನನ್ನ ಮಿಕ್ಸಿ ರಿಪೇರಿ ಮಾಡಿಕೊಟ್ಟರು, ಮಾತು ಬಿಡಲಿಲ್ಲ. ಆದರೆ ನಾನು ‘ಕಣಮ್ಮ’ ಆಗಿದ್ದವಳು ‘ಮೇಡಂ’ ಆದೆ. ಹೊಸ ಸ್ಕ್ರೂಡ್ರೈವರ್ ಕೊಂಡುಹೋಗಿದ್ದೆ; “ಇದು ಆ ಜಾಗಕ್ಕೆ ಕೂರಲ್ಲ ಮೇಡಂ” ಎಂದು ವಾಪಸ್ ಕೊಟ್ಟರು. ಹಲಗೆಯ ಮೂಲೆಯಲ್ಲಿ ಒಂದು ನೆರಳು ಖಾಲಿಯಾಗಿಯೇ ಉಳಿಯಿತು. ಎರಡು ವರ್ಷದ ಕೆಳಗೆ ಅವರು ಹೋದಾಗ ನಾನೂ ಹೂವಿಟ್ಟು ಬಂದೆ...

ಮೊನ್ನೆ ಆ ಸ್ಕ್ರೂಡ್ರೈವರ್ ಹಿಡಿದು ಅವರ ಹೆಂಡತಿಯ ಬಳಿ ಹೋದೆ. ಸಿಕ್ಕಿದ್ದು ಎಲ್ಲಿ ಎಂಬುದನ್ನೂ ಹೇಳಿದೆ. ಆಕೆ ಅದನ್ನು ಸೆರಗಿನಿಂದ ಒರೆಸಿ, ಅಂಕಿಯ ಮೇಲೆ ಬೆರಳಾಡಿಸಿದರು.

“ಆಸ್ಪತ್ರೇಲೂ ದಿನಾ ಕೇಳೋರು, ಎಣಿಸಿದ್ಯಾ ಅಂತ. ಇಪ್ಪತ್ತಾರೂ ಇದಾವೆ ಅನ್ನೋಳು ನಾನು. ಇಂಗೆ ಮುಖ ತಿರುಗಿಸ್ಕೊಳೋರು. ಸುಳ್ಳು ಅಂತ ಗೊತ್ತಿತ್ತು ಅವರಿಗೆ.”

ಹಲಗೆ ಎಲ್ಲಿ ಎಂದು ಕೇಳಿದೆ. ಗೋಡೆ ಸೋರಿ ಗೆದ್ದಲು ಹಿಡಿದಿತ್ತಂತೆ. ಸಲಕರಣೆಗಳ ಸಮೇತ ಗುಜರಿಯವನಿಗೆ ಕೊಟ್ಟು ಆರು ತಿಂಗಳಾಯಿತಂತೆ. “ಇದನ್ನ ಇನ್ನೆಲ್ ನೇತಾಕ್ಲಿ, ನೀವೇ ಇಟ್ಕೊಳಿ,” ಎಂದು ನನ್ನ ಕೈಗೇ ವಾಪಸಿಟ್ಟರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ಯಲಹಂಕದ ಕಡೆ ವೈಮಾನಿಕ ಪ್ರದರ್ಶನದ ತಾಲೀಮು ನಡೆಯುತ್ತಿದೆ. ಕಿಟಕಿ ನಡುಗಿದಾಗಲೆಲ್ಲ ಪಿ.ಜಿ.ಯ ಹುಡುಗರು ಮೊಬೈಲ್ ಹಿಡಿದು ತಾರಸಿಗೆ ಓಡುತ್ತಾರೆ. ನಾನು ಮೇಲೆ ನೋಡುವುದಿಲ್ಲ. ಮೇಜಿನ ಮೇಲೆ ಸ್ಕ್ರೂಡ್ರೈವರ್ ಇದೆ. ದಿನಕ್ಕೊಂದು ಸಲ ಅದರ ಮೇಲೆ ಬೆರಳಿಟ್ಟು ಇಪ್ಪತ್ತಾರು ಅನ್ನುತ್ತೇನೆ. ಮಿಕ್ಕ ಇಪ್ಪತ್ತೈದು ಈಗ ಇಲ್ಲ.